ಕೇಳಿದವರಿಬ್ಬರ ಸಹಿ

ರೇವಣಸಿದ್ದನನ್ನು ಸಮಿತಿಗೆ ಸೇರಿಸಿಕೊಂಡದ್ದು ತಪ್ಪಾಯಿತು ಎಂದು ಮೊದಲ ಸಭೆಯಲ್ಲೇ ಅರ್ಧ ಜನಕ್ಕೆ ಅನ್ನಿಸಿತ್ತು. ಉಳಿದರ್ಧ ಜನಕ್ಕೆ ಎರಡನೆಯ ಸಭೆಯಲ್ಲಿ ಅನ್ನಿಸಿತು. ಅಷ್ಟರೊಳಗೆ ಅವನನ್ನು ತೆಗೆಯುವ ಕಾಲ ಮೀರಿಹೋಗಿತ್ತು. ಕಲಬುರಗಿ ಕಡೆಯವನು ಸಮಿತಿಯಲ್ಲಿ ಅವನೊಬ್ಬನೇ. ಅವನನ್ನು ತೆಗೆದರೆ ಆ ಕಡೆಯವರು ಯಾರೂ ಇಲ್ಲ ಎಂಬ ಮಾತು ಬರುತ್ತದೆ, ಆ ಮಾತನ್ನು ಊರಿಗೆಲ್ಲ ಕೇಳುವಂತೆ ಹೇಳುವವನೂ ಅವನೇ ಆಗಿರುತ್ತಾನೆ.

ಸಮಿತಿಯ ಕೆಲಸ ಸಣ್ಣದಲ್ಲ. ಇತ್ತ ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯವರೆಗೆ, ಕನ್ನಡದವರು ಬಂದು ನೆಲೆಸಿದ ಜಾಗದಲ್ಲೆಲ್ಲ ಕವಿತೆಯ ಮಟ್ಟಿಗೆ ಏನೇನು ನಡೆಯಿತು ಎಂಬುದನ್ನು ಇಸವಿವಾರು ಬರೆದಿಡುವುದು. ಯಾವ ಪುಸ್ತಕ ಬಂತು, ಯಾರು ಯಾವ ವೇದಿಕೆಯಲ್ಲಿ ಏನು ಓದಿದರು, ಎಲ್ಲ. ಒಂದು ಇಸವಿಗೆ ಒಂದು ಹಾಳೆ. ಒಬ್ಬೊಬ್ಬರು ಒಂದಷ್ಟು ಇಸವಿ ಹಂಚಿಕೊಂಡು, ಹಳಬರನ್ನು ವಿಚಾರಿಸಿ ಬರೆದು ತರಬೇಕು. ಎಲ್ಲ ಸೇರಿಸಿ ಮುಂದಿನ ರಾಜ್ಯೋತ್ಸವಕ್ಕೆ ಪುಸ್ತಕ ಮಾಡುವುದು. ‘ಕಾವ್ಯ ವರ್ಷಾವಳಿ’ ಎಂದು ಅದಕ್ಕೆ ಹೆಸರೂ ಇಟ್ಟಾಗಿತ್ತು.

ಸಂಚಾಲಕಿ ವಾಶಿಯ ಜಯಲತಾ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎದುರಿಗೆ ಯಾರು ಕೂತರೂ ಇವರು ಮನೆಪಾಠ ಮಾಡಿಕೊಂಡು ಬಂದಿಲ್ಲ ಎಂಬಂತೆಯೇ ನೋಡುವರು. ಅಧ್ಯಕ್ಷರು ಡೊಂಬಿವಲಿಯ ಹೋಟೆಲಿನ ಭುಜಂಗಣ್ಣ. ಉಡುಪಿ ಕಡೆಯವರು, ಎಪ್ಪತ್ತು ದಾಟಿದ್ದರು, ಹಿಂದೆ ಯಾವಾಗಲೋ ಒಂದು ಕವನ ಸಂಕಲನ ತಂದಿದ್ದರು. ರೇವಣಸಿದ್ದ, ಫಾಸ್ಟ್ ಲೋಕಲ್ ಗಾಡಿಗಳು ನಿಲ್ಲದ ದಿವಾ ಸ್ಟೇಷನ್ನಿನ ಬಳಿ ಇರುವ ಸೆಂಟ್ರಿಂಗ್ ಮೇಸ್ತ್ರಿ. ಸ್ಲ್ಯಾಬ್ ಹಾಕುವ ಮೊದಲು ಅದರ ಅಡಿಗೆ ಹಲಗೆ, ಕಂಬ ಕಟ್ಟಿಸುವುದು ಅವನ ಕೆಲಸ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ. ಕವಿತೆ ಬರೆದವನಲ್ಲ. ಆದರೆ ಕವಿತೆಯ ಬಗ್ಗೆ ಯಾರಾದರೂ ತಪ್ಪು ಮಾತಾಡಿದರೆ ಅವನಿಗೆ ರೇಗುತ್ತಿತ್ತು. ಸರಿಯಾಗಿ ಮಾತಾಡಿದರೆ ಮಾತಾಡಿದ ರೀತಿಗೆ ರೇಗುತ್ತಿತ್ತು.

ಮೊದಲ ಸಭೆಯಲ್ಲಿ ಅಚ್ಚಾಗದ ಕವಿತೆಗಳ ಪ್ರಶ್ನೆ ಬಂತು. ಪುಸ್ತಕವಾದರೆ ಪ್ರತಿ ತೋರಿಸಬಹುದು. ವೇದಿಕೆಯಲ್ಲಿ ಹೇಳಿಹೋದ ಕವಿತೆಗೆ ಏನು ಸಾಕ್ಷಿ? ಅದನ್ನು ಕಿವಿಯಾರೆ ಕೇಳಿದವರಿಬ್ಬರು ಹಾಳೆಯ ಕೆಳಗೆ ಸಹಿ ಹಾಕಲಿ ಎಂದರು ಜಯಲತಾ. ಎಲ್ಲರೂ ತಲೆಯಾಡಿಸಿದರು. ರೇವಣಸಿದ್ದ ಎದ್ದು ನಿಂತ.

“ಹ್ಯಾಂಗ್ರಿ ಅಕ್ಕೋರ? ಉಡುಪಿಯವರಿಗಿ ಉಡುಪಿಯವರೇ ಸಹಿ, ಮಂಗಳೂರವರಿಗಿ ಮಂಗಳೂರವರೇ ಸಹಿ. ಹಂಗಾದ್ರ ನಿಮ್ಮ ಮನಿ ಮದುವ್ಯಾಗ ಸೋಬಾನ ಹಾಡಿದವರೆಲ್ಲ ಕವಿಗಳೇ ಆದ್ರು ಬಿಡ್ರಿ. ಇಬ್ಬರೊಳಗ ಒಬ್ಬ ಬ್ಯಾರೆ ಜಿಲ್ಲಾದಂವ ಇರಬೇಕು. ಇಲ್ಲಂದ್ರ ನಾ ಒಪ್ಪಲ್ಲ.”

ಭುಜಂಗಣ್ಣ ನಕ್ಕರು. “ಮೇಸ್ತ್ರಿಗಳು ಹೇಳುವುದರಲ್ಲಿ ನ್ಯಾಯ ಉಂಟು. ಬರೆದುಕೊಳ್ಳಿ ಜಯಲತಾ.”

“ಬರೆದುಕೊಂಡೆ,” ಎಂದರು ಜಯಲತಾ, ಕನ್ನಡಕದ ಮೇಲಿಂದ ನೋಡುತ್ತ. “ಇನ್ನೊಂದನ್ನೂ ಬರೆದುಕೊಳ್ಳುವ. ಯಾವ ವರ್ಷದ ಮೇಲೆ ಯಾರು ತಕರಾರು ಎತ್ತುತ್ತಾರೋ, ಆ ವರ್ಷದ ಹಾಳೆ ಅವರ ತಲೆಗೆ. ಹೋಗಿ ವಿಚಾರಿಸಿ ಸರಿ ಮಾಡಿ ತರಬೇಕು. ಬರೇ ಬೊಬ್ಬೆ ಹೊಡೆದು ಕೂತ್ಕೊಳ್ಳುವುದಲ್ಲ.”

ಎರಡನೆಯ ನಿಯಮ ತನ್ನೊಬ್ಬನಿಗಾಗಿಯೇ ಹುಟ್ಟಿದ್ದು ಎಂದು ರೇವಣಸಿದ್ದನಿಗೆ ಹೊಳೆಯಲಿಲ್ಲ. ಗೆದ್ದ ಹುರುಪಿನಲ್ಲಿ ಮನೆಗೆ ಹೋದ. ಮಳೆಗಾಲ ಮುಗಿಯುವುದರೊಳಗೆ ಅವನು ಹಾಳೆಗಳನ್ನಿಡುವ ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯವರಿಗೆ ಹಂಚಿದ್ದ ಇಸವಿಗಳೇ ಹೆಚ್ಚು ತುಂಬಿದ್ದವು.

“ಎಲ್ಲಾರಿಗೂ ವರ್ಷಕ್ಕೊಮ್ಮಿ ಒಂದು ವರ್ಷ ಬರ್ತದ. ನೀವು ವಾರಕ್ಕೊಂದು ವರ್ಷ ಹೊತ್ಕೊಂಡು ಬರ್ತೀರಿ,” ಎಂದಳು ಹೆಂಡತಿ ದಾನೇಶ್ವರಿ. “ಇಡ್ಲಾಕ ಜಾಗಾರೆ ಅದ ಏನು ಈ ಖೋಲಿದಾಗ?”

ಅವನು ತಾನಾಗಿ ಕೇಳಿ ಪಡೆದ ಇಸವಿ ಒಂದೇ: 2003. ಅದು ಹಣಮಂತ್ರಾಯನ ವರ್ಷ.

ಹಣಮಂತ್ರಾಯ ಅವನ ಊರಿನವನೇ. ಇಬ್ಬರೂ ಒಂದೇ ಗಾಡಿಗೆ ಹತ್ತಿ ಬಂದು, ದಿವಾದ ಒಂದೇ ಖೋಲಿಯಲ್ಲಿ ಇದ್ದು, ಒಂದೇ ಸೈಟಿನಲ್ಲಿ ಕೆಲಸ ಮಾಡಿದವರು. ಅವನು ಪದ ಕಟ್ಟುತ್ತಿದ್ದ. ಬರೆಯುತ್ತಿರಲಿಲ್ಲ, ಸಿಮೆಂಟಿನ ಮಾಲು ಕಲಸುತ್ತ ಬಾಯಲ್ಲೇ ಕಟ್ಟಿ ಬಾಯಲ್ಲೇ ಬಿಡುತ್ತಿದ್ದ. ಆ ವರ್ಷದ ರಾಜ್ಯೋತ್ಸವದ ಕವಿಗೋಷ್ಠಿಗೆ, ದಿವಾದವರೂ ಒಬ್ಬರಿರಲಿ ಎಂದು, ಅವನನ್ನು ಕರೆದರು. ಕರೆದು, ಕೊನೆಯಲ್ಲಿ ಹಾಕಿದರು.

ಈ ಕಡೆಯ ಸಂಘಗಳಲ್ಲಿ ಕವಿಗೋಷ್ಠಿಯ ಕೊನೆಯ ಕವಿ ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಅವನ ಹೆಸರು ಕರೆಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಸಾರಿನ ಘಮ ಬಂದಿರುತ್ತದೆ, ತಟ್ಟೆ ಜೋಡಿಸುವ ಸದ್ದು ಎದ್ದಿರುತ್ತದೆ. ಮೊದಲು ಮಕ್ಕಳು, ಆಮೇಲೆ ಮಕ್ಕಳನ್ನು ಹಿಡಿಯುವ ನೆಪದಲ್ಲಿ ತಾಯಂದಿರು, ಆಮೇಲೆ ನೆಪವಿಲ್ಲದೆ ಎಲ್ಲರೂ ಏಳುತ್ತಾರೆ. ಅವತ್ತೂ ಹಾಗೆಯೇ ಆಯಿತು. ಹಣಮಂತ್ರಾಯ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತು ಹೇಳಿದ:

ದಿವಾದಾಗ ನಿಲ್ಲದ ಗಾಡಿಗಿ ಕೈ ಮಾಡಬ್ಯಾಡೋ ತಮ್ಮಾ
ಒಳಗ ಕುಂತವರಿಗೂ ಇಳಿಲಾಕ ಬರಲ್ಲೋ

ಕಣ್ಣು ತೆರೆದಾಗ ಎದುರಿಗೆ ಖಾಲಿ ಕುರ್ಚಿ. ಉಳಿದವರು ದಿವಾದ ಸೈಟಿನವರು, ಎಲ್ಲ ಒಂದೇ ತಾಲ್ಲೂಕು. ಇನ್ನೊಬ್ಬರೆಂದರೆ ಭುಜಂಗಣ್ಣ. ಅವತ್ತಿನ ಊಟ ಅವರ ಹೋಟೆಲಿನದು. ಬಡಿಸುವವರಿಗೆ ಏನೋ ಹೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು, ಕೈಯಲ್ಲಿ ಸೌಟು ಹಾಗೆಯೇ ಇತ್ತು.

ಆಮೇಲೆ ಹಣಮಂತ್ರಾಯನನ್ನು ಯಾರೂ ಯಾವ ವೇದಿಕೆಗೂ ಕರೆಯಲಿಲ್ಲ. ಲಾಕ್‌ಡೌನಿನ ವರ್ಷ ಉಸಿರು ಕಟ್ಟಿ ಸತ್ತ. ವರ್ಷಾವಳಿಯ ಸುದ್ದಿ ಬಂದ ದಿನವೇ ರೇವಣಸಿದ್ದ ಅವನ ಹೆಂಡತಿ ಮರಗಮ್ಮನ ಮನೆಗೆ ಹೋಗಿ, ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟಿದ್ದ: “ನಿನ್ನ ಗಂಡನ ಹೆಸರು ಪುಸ್ತಕದಾಗ ಬರ್ತದ, ತಂಗಿ. ನಾ ಬರಸ್ತೀನಿ.”

ಮರಗಮ್ಮ ಒಲೆಯ ಕಡೆ ತಿರುಗಿಕೊಂಡಳು. ಮಗಳು ಪೂಜಿತಾ ಇಲ್ಲೇ ಹುಟ್ಟಿದವಳು, ವಾಶಿಯ ಮಾಲ್ ಒಂದರಲ್ಲಿ ಬಿಲ್ಲಿಂಗ್ ಮಾಡುತ್ತಿದ್ದಳು. ಕನ್ನಡ ಎಲ್ಲ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿದ್ದುದು ಹಿಂದಿ.

“ಕಾಕಾ, ಪಪ್ಪಾ ಸಚ್ ಮೇ ಕವಿ ಥೇ ಕ್ಯಾ?” ಅಪ್ಪ ನಿಜವಾಗಿ ಕವಿಯಾಗಿದ್ದನೇ ಎಂದು ಕೇಳಿದಳು.

“ಥೇ ಅಂದ್ರ ಥೇ. ಪುಸ್ತಕ ಬರ್ಲಿ, ನೀನೇ ಓದಸ್ಕೊ.”

ಹಾಳೆ ಬರೆಯಲು ಕೂತಾಗಲೇ ಅವನಿಗೆ ತಾನು ಮಾಡಿಕೊಂಡದ್ದು ಏನೆಂದು ಗೊತ್ತಾದದ್ದು. ಒಂದು ಸಹಿ ತಾನೇ ಹಾಕಬಹುದು, ಇನ್ನೊಬ್ಬ ಬೇರೆ ಜಿಲ್ಲೆಯವನಿರಬೇಕು. ಆ ನಿಯಮವನ್ನು ಎದೆ ತಟ್ಟಿ ಮಾಡಿಸಿದವನು ತಾನೇ. ಈಗ ಹೋಗಿ ಬದಲಿಸಿ ಎಂದರೆ, ಸಭೆ ಏನು ಅನ್ನುತ್ತದೆ ಎಂದು ಅವನಿಗೆ ಸಭೆಗಿಂತ ಚೆನ್ನಾಗಿ ಗೊತ್ತಿತ್ತು. ಉಳಿದದ್ದು ಭುಜಂಗಣ್ಣ. ಅವರ ಬಳಿ ಕೈಯೊಡ್ಡಲು ಅವನಿಗೆ ಮನಸ್ಸಿರಲಿಲ್ಲ. ಅವರಿಗೆ ಅವನು ಎಷ್ಟೋ ಸಲ ಎಲ್ಲರೆದುರು ಎದುರಾಡಿದ್ದ.

ಹಾಗಾಗಿ ಮೊದಲು ಠಾಕುರ್ಲಿಯ ಶ್ರೀಮತಿ ಎಂಬ ಹೆಸರಿನವರ ಮನೆಗೆ ಹೋದ. ಎಂಬತ್ತರ ಹತ್ತಿರದ ಹೆಂಗಸು, ಮಂಗಳೂರಿನ ಕಡೆಯವರು. ಡೊಂಬಿವಲಿಯಲ್ಲಿ ಅಚ್ಚಾದ ಮೊದಲ ಕನ್ನಡ ಕವನ ಸಂಕಲನ ಅವರದ್ದು, 1991ರಲ್ಲಿ. ಆ ವರ್ಷದ ಹಾಳೆ ಅವನ ಕೈಗೆ ಬಂದಿರಲಿಲ್ಲವಾದರೂ ಆ ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ.

“ಮೊದಲಿನದ್ದು ಹೌದು. ಒಳ್ಳೆಯದ್ದು ಅಂತ ಯಾರೂ ಹೇಳ್ಲಿಲ್ಲ,” ಎಂದು ನಕ್ಕರು ಶ್ರೀಮತಿ, ಅವನ ಮುಂದೆ ಅವಲಕ್ಕಿ ಇಡುತ್ತ. “ಎರಡು ವರ್ಷ ಬಿಟ್ಟು ಭುಜಂಗಣ್ಣನ ಪುಸ್ತಕ ಬಂತಲ್ಲ, ಅದರ ಬಿಡುಗಡೆಗೆ ನನ್ನನ್ನೇ ಕರೆದಿದ್ರು. ಮೊದಲು ತಂದವರು ಬಂದು ಹರಸಬೇಕು ಅಂತ. ಸೀರೆಯೂ ಕೊಟ್ರು. ಹ್ಞಾಂ, ನಿಮ್ಮದೆಂತ ಕೆಲಸ, ಹೇಳಿ.”

ಅವನು ಹೇಳಿದ. ಆ ರಾಜ್ಯೋತ್ಸವದಲ್ಲಿ ನೀವಿದ್ದಿರಿ, ನಾನು ನೋಡಿದ್ದೆ, ಇಲ್ಲೊಂದು ಸಹಿ ಹಾಕಿ ಎಂದ. ಶ್ರೀಮತಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು, ಬಹಳ ಹೊತ್ತು.

“ಬಂದಿದ್ದೆ. ಆದ್ರೆ ಊಟದ ಸಾಲಲ್ಲಿದ್ದೆ. ಒಳಗೆ ಯಾರೋ ಹೇಳುವುದು ಕೇಳ್ತಿತ್ತು. ಯಾರು, ಎಂತ ಅಂತ ನೋಡ್ಲಿಲ್ಲ.”

“ಕೇಳ್ತಿತ್ತಲ್ಲ? ಸಾಕಲ್ರಿ ಅಮ್ಮೋರ. ಕೇಳಿದವರ ಸಹಿ ಅಂತೇ ಅದ.”

“ದನಿ ಕೇಳಿದ್ದು. ಕವಿತೆ ಕೇಳ್ಲಿಲ್ಲ. ಕೇಳದ್ದಕ್ಕೆ ಸಹಿ ಹೇಗೆ ಹಾಕುವುದು ಮಾರಾಯ್ರೆ? ನಾಳೆ ನೀವೇ ಬಂದು ನನ್ನ ಮೇಲೆ ಬೊಬ್ಬೆ ಹೊಡೀತೀರಿ.”

ಅವನಿಗೆ ಮೈ ಉರಿಯಿತು. ಅವಲಕ್ಕಿ ಅರ್ಧಕ್ಕೆ ಬಿಟ್ಟು ಎದ್ದ. ಮೆಟ್ಟಿಲಿಳಿಯುವಾಗ ಉರಿ ಅವರ ಮೇಲಿನದ್ದಲ್ಲ ಎಂದು ಗೊತ್ತಾಗಿ ಇನ್ನಷ್ಟು ಉರಿಯಿತು. ಹೆಂಗಸು ಹೇಳಿದ್ದು ಸರಿಯಾಗಿತ್ತು. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದ, ಇದಕ್ಕಿಂತ ಕೆಟ್ಟದಾಗಿ.

ಮುಂದಿನ ಸಭೆ ವಾಶಿಯಲ್ಲಿ, ಜಯಲತಾ ಅವರ ಮನೆಯಲ್ಲಿ. ತೊಂಬತ್ತರ ದಶಕದ ಹಾಳೆಗಳು ಕೈಯಿಂದ ಕೈಗೆ ಹೋದವು. 1990ರ ಹಾಳೆ ಅವನ ಕೈಗೆ ಬಂದಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು: ಡೊಂಬಿವಲಿಯ ಪ್ರಥಮ ಕನ್ನಡ ಕವನ ಸಂಕಲನ, ಲೇಖಕರು ಭುಜಂಗ. ಅವನು ತಲೆಯೆತ್ತಿದ. ಭುಜಂಗಣ್ಣ ಅವನನ್ನೇ ನೋಡುತ್ತಿದ್ದರು. ಬಾಯಿ ತೆರೆಯುವುದರೊಳಗೆ ಅವರು ಎದ್ದರು. “ಹೊತ್ತಾಯ್ತು. ಮೇಸ್ತ್ರಿಗಳೇ, ನಾವಿಬ್ಬರು ಒಟ್ಟಿಗೆ ಹೋಗುವ.”

ವಾಶಿಯಿಂದ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸಬೇಕು. ಸಂಜೆಯ ಹೊತ್ತು, ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ರೇವಣಸಿದ್ದ ಸ್ಲೋ ಗಾಡಿಗೆ ಕಾಯುವವನಿದ್ದ, ಅವನ ದಿವಾದಲ್ಲಿ ನಿಲ್ಲುವುದು ಅದು. ಭುಜಂಗಣ್ಣ ತೋಳು ಹಿಡಿದರು. “ಈ ಫಾಸ್ಟಿಗೆ ನನ್ನನ್ನೊಂದು ಹತ್ತಿಸಿಬಿಡಿ. ಮುದುಕ, ಬಿದ್ದುಬಿಟ್ಟೇನು.” ಅವರನ್ನು ಎತ್ತಿ ಬಾಗಿಲಿಗೆ ದಾಟಿಸಿದನೋ ಇಲ್ಲವೋ, ಹಿಂದಿನ ಜನ ಅವನನ್ನೂ ಸೇರಿಸಿ ಒಳಗೆ ತಳ್ಳಿತು. ಯಾರೋ ಒಬ್ಬರು ಎದ್ದು ಮುದುಕರಿಗೆ ಸೀಟು ಬಿಟ್ಟರು. ರೇವಣಸಿದ್ದ ಅವರ ಮೊಣಕಾಲುಗಳ ನಡುವೆ ಸಿಕ್ಕಿಕೊಂಡು ನಿಂತ. ಒಂದು ಕೈ ಮೇಲೆ ಹಿಡಿಕೆಯಲ್ಲಿ, ಇನ್ನೊಂದು ಕೈ ಯಾರದೋ ಬ್ಯಾಗಿನ ಹಿಂದೆ. ತಿರುಗಲೂ ಆಗದು, ಕೂರಲೂ ಆಗದು, ಇಳಿಯುವ ಮಾತು ದೂರ.

“ಈಗ ಹೇಳಿ,” ಎಂದರು ಭುಜಂಗಣ್ಣ ಕೆಳಗಿನಿಂದ. “ಸಭೆಯಲ್ಲಿ ಎಂತದೋ ಹೇಳ್ಲಿಕ್ಕೆ ಹೊರಟಿದ್ದಿರಿ.”

“ಹೇಳೂದೇನದ? ನಿಮ್ಮ ಪುಸ್ತಕ ತೊಂಬತ್ತರಾಗ ಬಂದಿದ್ದಲ್ಲ.”

“ಅಲ್ಲ. ತೊಂಬತ್ತಮೂರರಲ್ಲಿ. ನನಗೂ ಗೊತ್ತು, ಜಯಲತಾಗೂ ಗೊತ್ತು. ಪುಸ್ತಕದಲ್ಲಿ ಇಸವಿ ಹಾಕಿಸ್ಲಿಲ್ಲ ನಾನು, ಹಾಗಾಗಿ ಯಾರೂ ಕೇಳುವುದಿಲ್ಲ. ಕೇಳುವವರು ನೀವೊಬ್ಬರೇ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಐವತ್ತು ವರ್ಷ ಇಡ್ಲಿ ಮಾರಿದವ ನಾನು. ನಾನು ಹೋದ ಮೇಲೆ ಮಕ್ಕಳು ಹೋಟೆಲು ಇಟ್ಟುಕೊಳ್ಳುವುದಿಲ್ಲ. ಮತ್ತೆ ನನ್ನದು ಅಂತ ಎಂತ ಉಳೀತದೆ? ಆ ಒಂದು ಪುಸ್ತಕ. ಅದೂ ಎರಡನೆಯದ್ದು. ಎರಡನೆಯವನನ್ನು ಯಾರು ಕೇಳ್ತಾರೆ?”

“ಮತ್ತ ಶ್ರೀಮತಿ ಅಮ್ಮೋರು?”

“ಅವರಿಗೆ ಅದೆಲ್ಲ ಬೇಕಿಲ್ಲ. ಅವರು ಎಂತದೂ ಹೇಳುವುದಿಲ್ಲ.”

ಗಾಡಿ ಕಲ್ವಾ ದಾಟಿ ಓಡುತ್ತಿತ್ತು. ಭುಜಂಗಣ್ಣ ಕಿಟಕಿಯ ಕಡೆ ನೋಡಿದರು. ಬಾಯೊಳಗೇ ಏನೋ ಗುನುಗಿದರು. ಮೊದಲು ರೇವಣಸಿದ್ದನಿಗೆ ತಿಳಿಯಲಿಲ್ಲ. ಆಮೇಲೆ ತಲೆ ಬಗ್ಗಿಸಿ ಕಿವಿಗೊಟ್ಟ.

ಗಾಡಿ ಹೋದ ಮ್ಯಾಲ ನಡುಗೂದು ಹಳಿ ಒಂದೇ
ಹಳಿಗಿ ಯಾರೂ ಟಿಕೀಟು ಕೇಳಲ್ಲೋ

ಹಣಮಂತ್ರಾಯನ ಪದದ ಮುಂದಿನ ಸಾಲುಗಳು. ರೇವಣಸಿದ್ದನಿಗೆ ನೆನಪಿದ್ದದ್ದು ಮೊದಲಿನ ಎರಡೇ. ಎಷ್ಟು ತಡಕಿದರೂ ಮುಂದಿನದು ಬಂದಿರಲಿಲ್ಲ. ಈ ಮುದುಕನ ಬಾಯಲ್ಲಿ ಅದು ಇಷ್ಟು ವರ್ಷ ಬೆಚ್ಚಗೆ ಕೂತಿತ್ತು.

“ಪೂರಾ ಬರ್ತದ ನಿಮಗ?”

“ಪೂರಾ ಬರ್ತದೆ. ಸೌಟು ಹಿಡಿದುಕೊಂಡು ನಿಂತೇ ಕೇಳಿದ್ದು. ಅದಕ್ಕಿಂತ ಒಳ್ಳೆಯದ್ದು ನಾನು ಬರೀಲಿಲ್ಲ, ಅದೂ ನನಗೆ ಗೊತ್ತುಂಟು.” ಭುಜಂಗಣ್ಣ ತಲೆಯೆತ್ತಿ ನೇರ ನೋಡಿದರು. “ಸಹಿ ಹಾಕ್ತೇನೆ. ಎಲ್ಲರೆದುರು ನಿಂತು ಹೇಳ್ತೇನೆ ಕೂಡ. ನಿಮ್ಮ ಬಾಯಿ ಒಂದು ದಿವಸ ಮುಚ್ಚಿರ್ಲಿ. ಅಷ್ಟೇ.”

ದಿವಾ ಬಂತು. ಗಾಡಿ ನಿಲ್ಲಲಿಲ್ಲ. ಅವನ ಓಣಿ, ಓಣಿಯ ಮೂಲೆಯ ನೀರಿನ ಟ್ಯಾಂಕು, ಮರಗಮ್ಮನ ಚಾಳು ಒಂದರ ಹಿಂದೊಂದು ಜನರ ತಲೆಗಳ ಸಂದಿನಲ್ಲಿ ಕಂಡು ಹೋದವು. ಅವನು ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದದ್ದೇ ಉತ್ತರವಾಯಿತು.

ಹಾಳೆಗಳನ್ನು ಮುಗಿಸುವ ಸಭೆ ಡೊಂಬಿವಲಿಯ ಹಾಲ್‌ನಲ್ಲಿ, ಒಂದು ಭಾನುವಾರ. ಎಲ್ಲ ಇಸವಿಗಳನ್ನೂ ಜನರೆದುರು ಓದುವುದು, ಪ್ರತಿ ಇಸವಿಯ ನಂತರ ‘ತಕರಾರು?’ ಎಂದು ಕೇಳುವುದು, ಯಾರೂ ಎದ್ದು ನಿಲ್ಲದಿದ್ದರೆ ಆ ಇಸವಿ ಮುಗಿಯಿತು. ಬೆಳಿಗ್ಗೆ ಓದು ಶುರುವಾಗುವ ಮೊದಲೇ ಭುಜಂಗಣ್ಣ 2003ರ ಹಾಳೆ ತರಿಸಿಕೊಂಡು ಸಹಿ ಹಾಕಿದರು. ರೇವಣಸಿದ್ದನಿಂದ ಯಾವ ಮಾತನ್ನೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮರಗಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಪೂಜಿತಾ ರಜೆ ಹಾಕಿದ್ದಳು. ಮುಂದಿನ ಸಾಲಿನಲ್ಲಿ ಶ್ರೀಮತಿ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು.

ಜಯಲತಾ ಓದುತ್ತ ಬಂದರು. ಎಂಬತ್ತರ ಹಾಳೆಗಳಿಗೆ ರೇವಣಸಿದ್ದ ಎರಡು ಸಲ ಎದ್ದ, ಎರಡು ಇಸವಿ ಅವನ ಕವರಿಗೆ ಬಂದವು, ಜನ ನಕ್ಕರು. ಆಮೇಲೆ 1990.

“ಡೊಂಬಿವಲಿಯ ಪ್ರಥಮ ಕನ್ನಡ ಕವನ ಸಂಕಲನ, ಲೇಖಕರು ಭುಜಂಗ. ತಕರಾರು?”

ಹಾಲ್ ತಿರುಗಿ ಅವನನ್ನು ನೋಡಿತು. ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತಿದ್ದ. ನಾ ಏಳಲ್ಲ ಎಂದು ಕಾಲಿಗೆ ಹೇಳಿದ. ಕಾಲು ಹೇಗೋ ಕೇಳಿತು. ಬಾಯಿಗೆ ಹೇಳಿದ. ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿ ಹಿಡಿದ.

“ತಕರಾರು?” ಜಯಲತಾ ಇನ್ನೊಮ್ಮೆ ಕೇಳಿದರು, ನೇರ ಅವನನ್ನೇ ನೋಡಿ. ಆ ನೋಟದಲ್ಲಿ ಏಳು ಎಂಬುದಿತ್ತೋ ಏಳಬೇಡ ಎಂಬುದಿತ್ತೋ ಅವನಿಗೆ ಗೊತ್ತಾಗಲಿಲ್ಲ.

“ಮೇಸ್ತ್ರಿಗಳಿಗೆ ಇವತ್ತು ಹುಷಾರಿಲ್ವಾ ಅಂತ!” ಎಂದಿತು ಹಿಂದಿನಿಂದ ಒಂದು ದನಿ. ನಗು ಎದ್ದು ಇಳಿಯಿತು. ಜಯಲತಾ ಹಾಳೆ ಮಗುಚಿದರು. 1991ರಲ್ಲಿ ಶ್ರೀಮತಿಯವರ ಪುಸ್ತಕ ಡೊಂಬಿವಲಿಯ ಎರಡನೆಯ ಸಂಕಲನವಾಗಿ ಓದಲ್ಪಟ್ಟಿತು. ಶ್ರೀಮತಿ ಬ್ಯಾಗಿನ ಕೊಂಡಿಯನ್ನು ಒಮ್ಮೆ ತೆಗೆದರು, ಮತ್ತೆ ಹಾಕಿದರು. ತಿರುಗಿ ಅವನ ಕಡೆ ನೋಡಿದರು. ಅವನು ಫ್ಯಾನಿನ ಕಡೆ ನೋಡಿದ.

2003 ಬರುವ ಹೊತ್ತಿಗೆ ಊಟದ ಹೊತ್ತೂ ಆಗಿತ್ತು. ಹಿಂದಿನ ಬಾಗಿಲಲ್ಲಿ ತಟ್ಟೆಗಳ ಸದ್ದು. ಒಂದೆರಡು ಕುರ್ಚಿ ಸರಿದವು. ಭುಜಂಗಣ್ಣ ವೇದಿಕೆಯಿಂದ ಕೂಗಿದರು:

“ಪಾತ್ರೆ ಮುಚ್ಚಿ! ಬಾಗಿಲು ಹಾಕಿ! ಇದು ಮುಗಿಯುವವರೆಗೆ ಯಾರಿಗೂ ಊಟ ಇಲ್ಲ. ಇದೇ ಕವಿತೆಯನ್ನು ಒಮ್ಮೆ ಊಟಕ್ಕೋಸ್ಕರ ಬಿಟ್ಟು ಹೋಗಿದ್ದೀರಿ ನೀವೆಲ್ಲ.”

ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಪೂರಾ ಹೇಳಿದರು. ಉಡುಪಿಯ ನಾಲಿಗೆಯಲ್ಲಿ ಕಲಬುರಗಿಯ ಮಾತು ಅಲ್ಲಲ್ಲಿ ತೊಡರಿತು, ಆದರೆ ಒಂದು ಸಾಲೂ ತಪ್ಪಲಿಲ್ಲ. ಪೂಜಿತಾ ಫೋನು ಎತ್ತಿ ಹಿಡಿದೇ ಇದ್ದಳು. ಮರಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮುಗಿದಾಗ ಬಿದ್ದ ಚಪ್ಪಾಳೆ ಊಟದ ಆತುರದ ಚಪ್ಪಾಳೆಯಾಗಿರಲಿಲ್ಲ.

ರೇವಣಸಿದ್ದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ. ಆಯಿತಲ್ಲ, ಆಯಿತು ಎಂದು ತನಗೆ ತಾನೇ ಹೇಳಿಕೊಂಡ. ಯಾರೋ ತೋಳು ಮುಟ್ಟಿದರು. ಶ್ರೀಮತಿ.

“ನಿಮ್ಮ ದೋಸ್ತಿಯದ್ದು ಬಹಳ ಚಂದ ಉಂಟು. ಅವತ್ತು ಸಾಲು ಬಿಟ್ಟು ಒಳಗೆ ಬರ್ಬೇಕಿತ್ತು ನಾನು.” ಅವರು ದನಿ ತಗ್ಗಿಸಿದರು. “ಮತ್ತೆ, ಆ ತೊಂಬತ್ತರದ್ದು. ಓದುವಾಗ ನನಗೆ ಒಮ್ಮೆ ಹೌದಾ ಅಂತ ಆಯ್ತು. ಆದ್ರೆ ನೀವು ಸುಮ್ಮನಿದ್ರಲ್ಲ. ನೀವು ಸುಮ್ಮನಿದ್ರೆ ಅದು ಸರಿಯೇ ಇರ್ಬೇಕು. ನನಗೇ ನೆನಪು ತಪ್ಪಿದೆ, ವಯಸ್ಸಾಯ್ತು ನೋಡಿ. ಇಷ್ಟು ವರ್ಷ ನಂದೇ ಮೊದಲು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ, ಎಂತ ನಾಚಿಕೆ. ಭುಜಂಗಣ್ಣನ ಹತ್ತಿರ ಒಂದು ತಪ್ಪಾಯ್ತು ಹೇಳಿ ಬರ್ತೇನೆ.”

ಅವರು ಹೊರಟರು. ತಟ್ಟೆ ಹಿಡಿದು, ಜನರ ಸಂದಿಯಲ್ಲಿ ನಿಧಾನಕ್ಕೆ, ಭುಜಂಗಣ್ಣ ನಿಂತಿದ್ದ ಕಡೆಗೆ. ರೇವಣಸಿದ್ದ ನೋಡಿದ. ಆ ಕಡೆ ಮರಗಮ್ಮ ಗುರುತಿಲ್ಲದ ಹೆಂಗಸರ ನಡುವೆ ಕೂತು ನಗುತ್ತಿದ್ದಳು. ಅವಳು ನಗುವುದನ್ನು ಅವನು ನೋಡಿ ಬಹಳ ಕಾಲವಾಗಿತ್ತು. ಈ ಕಡೆ ಮುದುಕಿ ಅರ್ಧ ದಾರಿ ದಾಟಿದ್ದರು. ಎರಡು ಹೆಜ್ಜೆ ಹೋಗಿ ಕಿವಿಯಲ್ಲಿ ಹೇಳಿದರೆ ಮುಗಿಯುತ್ತಿತ್ತೇನೋ. ಆದರೆ ಅವನಿಗೆ ಕಿವಿಯಲ್ಲಿ ಹೇಳುವುದು ಗೊತ್ತಿರಲಿಲ್ಲ.

“ಅಕ್ಕೋರ!” ಹಾಲ್‌ನ ಗೋಡೆ ಗುಡುಗಿತು. “ತೊಂಬತ್ತಕ್ಕ ನಂದು ತಕರಾರು ಅದ!”

ಬಡಿಸುವವರ ಕೈ ನಿಂತಿತು. ಶ್ರೀಮತಿ ಇದ್ದಲ್ಲೇ ನಿಂತರು.

“ಮೊದಲಿನ ಪುಸ್ತಕ ಈ ಅಮ್ಮೋರದು. ಭುಜಂಗಣ್ಣನವರದು ತೊಂಬತ್ತಮೂರು. ಇಲ್ಲಿದ್ದವರಿಗೆಲ್ಲ ಗೊತ್ತದ. ನನಗೂ ಗೊತ್ತಿತ್ತು, ಗೊತ್ತಿದ್ದೂ ಕುಂತಿದ್ದೆ.”

ಭುಜಂಗಣ್ಣ ಕೈ ತೊಳೆದುಕೊಂಡರು, ಒರೆಸಿಕೊಂಡರು, ಜಯಲತಾ ಅವರ ಮೇಜಿನ ಹತ್ತಿರ ಹೋಗಿ 2003ರ ಹಾಳೆ ಕೇಳಿದರು. ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದರು, ನೇರವಾಗಿ, ಆತುರವಿಲ್ಲದೆ.

“ಕೇಳ್ಲಿಲ್ಲ ಅಂತ ನಾನು ಹೇಳುವುದಿಲ್ಲ,” ಎಂದರು. “ಕೇಳಿದ್ದೇನೆ. ಸಹಿ ಮಾತ್ರ ಇಲ್ಲ.” ಬಡಿಸುವವರ ಕಡೆ ತಿರುಗಿ, “ಎಂತ ನೋಡ್ತಾ ನಿಂತದ್ದು? ಮೇಸ್ತ್ರಿಗಳಿಗೆ ಪಾಯಸ ಹಾಕಿ,” ಎಂದರು.

“ಈಗ ಎಲ್ಲರೆದುರೇ ಕೇಳಿದ್ದೇನೆ ಅಂದ್ರಲ್ಲ, ಅದೇ ಸಾಕ್ಷಿ ಅಲ್ವಾ?” ಎಂದು ಯಾರೋ ಅಂದರು. “ಸಹಿ ಬೇಕು ಅಂತ ನಿಯಮ. ಬೇರೆ ಜಿಲ್ಲೆಯವರದ್ದೇ ಬೇಕು ಅಂತ ಮಾಡಿಸಿದ್ದು ಯಾರು?” ಎಂದು ಇನ್ಯಾರೋ ಅಂದರು. ಅಲ್ಲಿಗೆ ಮುಗಿಯಿತು. ಜಯಲತಾ ಎರಡು ಹಾಳೆ ತಂದು ಅವನ ಕವರಿನೊಳಗೆ ತಾವೇ ಇಟ್ಟರು.

“ತೊಂಬತ್ತು. ಎರಡು ಸಾವಿರದ ಮೂರು. ಎರಡು ಸಾವಿರದ ಮೂರಕ್ಕೆ ಸಹಿ ಸಿಗ್ಲಿಲ್ಲ ಅಂದ್ರೆ ಬಿಟ್ಟು ಅಚ್ಚಿಗೆ ಕೊಡ್ತೇನೆ. ನನ್ನ ಕೈಯಲ್ಲಿ ಎಂತದೂ ಇಲ್ಲ.” ಮೇಜಿನ ಕಡೆ ತಿರುಗುತ್ತ, “ಬೆಳಿಗ್ಗೆಯೇ ಎದ್ದಿದ್ರೆ ಒಳ್ಳೇದಿತ್ತು,” ಎಂದರು.

ಶ್ರೀಮತಿ ಹತ್ತಿರ ಬಂದರು. ಏನೋ ಹೇಳಲು ಬಂದವರು ಮರಗಮ್ಮನ ಕಡೆ ನೋಡಿ, “ಬೇಡ ಇತ್ತು ಮಾರಾಯ್ರೆ,” ಎಂದಷ್ಟೇ ಅಂದರು.

ಸಂಜೆಯ ಗಾಡಿಯಲ್ಲಿ ರೇವಣಸಿದ್ದ, ಮರಗಮ್ಮ, ಪೂಜಿತಾ ಮೂವರೂ ಒಂದೇ ಡಬ್ಬಿಗೆ ಹತ್ತಿದರು. ಭಾನುವಾರದ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಅರ್ಧ ಗಾಡಿ ರದ್ದು, ಉಳಿದರ್ಧಕ್ಕೆ ಎರಡರಷ್ಟು ಜನ. ಕವರನ್ನು ಎದೆಗವಚಿಕೊಂಡು ರೇವಣಸಿದ್ದ ನಿಂತಿದ್ದ. ಮರಗಮ್ಮ ಅವನ ಮುಖದಿಂದ ಒಂದು ಗೇಣು ದೂರದಲ್ಲಿದ್ದಳು, ಬೇರೆ ಕಡೆ ನೋಡಲು ಅವಳಿಗೂ ಜಾಗವಿರಲಿಲ್ಲ.

“ಕಾಕಾ, ನಾಮ್ ಕಟ್ ಗಯಾ ಕ್ಯಾ?” ಎಂದಳು ಪೂಜಿತಾ.

“ಕಟ್ ಇಲ್ಲ. ಬಾಕಿ ಅದ.”

“ನಿನ್ನ ಬಾಯಿ, ಅಣ್ಣಾ,” ಎಂದಳು ಮರಗಮ್ಮ. ಬೈಗುಳವನ್ನೂ ಪೂರ್ತಿ ಮಾಡಲಿಲ್ಲ. “ಚಂದ ಹೇಳ್ದ ಆ ಮುದುಕ. ಅವನ ಸಹಿನೇ ಹೊಡಸಿದಿ.”

ಆ ಹೆಂಗಸು ಹೋಗಿ ಕೈ ಮುಗಿದು ತಪ್ಪಾಯಿತು ಅನ್ನುವುದನ್ನು ನೋಡಲಾಗಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ನನ್ನನ್ನು ನೋಡಲಾಗುತ್ತದೆಯೇ ಎಂದು ಇವಳು ಕೇಳಬಹುದಿತ್ತು.

ದಿವಾ ಬಂತು, ಗಾಡಿ ನಿಂತಿತು. ಆದರೆ ಪ್ಲಾಟ್‌ಫಾರ್ಮಿನ ಜನ ಇಳಿಯುವವರಿಗೆ ದಾರಿ ಬಿಡದೆ ನುಗ್ಗಿತು. ರೇವಣಸಿದ್ದ ಬೈದ, ಕೂಗಿದ, ಮೊಣಕೈ ಹಾಕಿದ. ಬಾಗಿಲಿನ ಕಂಬಿ ಕೈಗೆ ಸಿಗುವುದರೊಳಗೆ ಗಾಡಿ ಹೊರಟಿತು. ಮೂವರೂ ಮುಂಬ್ರಾದವರೆಗೆ ಹೋಗಿ ಇಳಿದರು.

ಹಿಂತಿರುಗುವ ಗಾಡಿ ಯಾವಾಗ ಬರುತ್ತದೆ ಎಂದು ಹೇಳುವವರಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಮರಗಮ್ಮ ಕೂತಳು. ಮಗಳಿಗೆ, “ಹಚ್ಚು ಅದನ್ನ,” ಎಂದಳು. ಪೂಜಿತಾ ಫೋನಿನಲ್ಲಿ ಭುಜಂಗಣ್ಣನ ದನಿ ಹಚ್ಚಿದಳು. ಪಾತ್ರೆ ಮುಚ್ಚಿ, ಬಾಗಿಲು ಹಾಕಿ ಎಂಬಲ್ಲಿಂದ ಶುರುವಾಯಿತು.

“ಅದು ಬ್ಯಾಡ. ಪದದಿಂದ ಹಚ್ಚು.”

ರೇವಣಸಿದ್ದ ಅವರಿಂದ ಒಂದು ಕಂಬದಷ್ಟು ದೂರ ಸರಿದು ನಿಂತ. ಕವರಿನಿಂದ 2003ರ ಹಾಳೆ ತೆಗೆದ. ಗೆರೆ ಎಳೆದ ಸಹಿಯ ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗವಿತ್ತು. ಆ ವರ್ಷದ ರಾಜ್ಯೋತ್ಸವದಂದು ಹಾಲ್ ತುಂಬ ಜನವಿದ್ದರು. ಎಲ್ಲರೂ ಒಮ್ಮೆಗೇ ಎದ್ದಿರಲಾರರು; ಯಾರಾದರೂ ಒಬ್ಬ ಹಸಿವಿಲ್ಲದವನು, ಒಬ್ಬ ಕಾಲುನೋವಿನವನು, ಬಾಗಿಲಲ್ಲಿ ತಿರುಗಿ ನೋಡಿದವನು ಇದ್ದೇ ಇರಬೇಕು. ಸಮಿತಿಯ ಗುಂಪಿನಲ್ಲಿದ್ದ ಹಳಬರ ನಂಬರುಗಳಲ್ಲಿ ಮೊದಲನೆಯದನ್ನು ಒತ್ತಿ, ಫೋನು ಕಿವಿಗಿಟ್ಟುಕೊಂಡ.

“ಹಲೋ, ನಮಸ್ಕಾರ್ರಿ. ನಾ ರೇವಣಸಿದ್ದ, ದಿವಾದಿಂದ. ಹ್ವಾದ್ರಿ, ಅದೇ ಬಾಯಿ ಮಾಡಾಂವ. ಎರಡು ಸಾವಿರದ ಮೂರರ ರಾಜ್ಯೋತ್ಸವಕ್ಕ ನೀವು ಬಂದಿದ್ರಿ ಅಲ್ಲ? ಒಂದು ಮಾತು ಕೇಳ್ಬೇಕಾಗಿತ್ತು.” ಅವನು ದನಿ ತಗ್ಗಿಸಲು ನೋಡಿದ, ಅದು ತಗ್ಗಲಿಲ್ಲ. “ಅವತ್ತು ಊಟಕ್ಕ ನೀವು ಯಾವಾಗ ಎದ್ರಿ?”